ಬಚ್ಚಲ ಹಿಂದಿನ ಕಟ್ಟೆ

ಒಂದು ಕ್ರೋಟನ್ ಸಸಿ ತಯಾರಾಗಲು ಆರೂವರೆ ರೂಪಾಯಿ ಬೀಳುತ್ತದೆ. ಕರಿ ಪ್ಲಾಸ್ಟಿಕ್ ಚೀಲಕ್ಕೆ ಒಂದು ರೂಪಾಯಿ. ಕೆಂಪು ಮಣ್ಣು, ಉಸುಕು, ಹಳೆಯ ಗೊಬ್ಬರ ಸೇರಿ ಮೂರು. ಸಂತೆಗೆ ಒಯ್ಯುವ ಖರ್ಚು ಒಂದೂವರೆ. ಸತ್ತ ಕಡ್ಡಿಗಳ ನಷ್ಟವನ್ನು ಬದುಕಿದವುಗಳ ಮೇಲೆ ಹಂಚಿದರೆ ಇನ್ನೊಂದು. ಕಡ್ಡಿ ಮಾತ್ರ ಪುಕ್ಕಟೆ, ತಾಯಿಗಿಡದಿಂದ ಕೊಯ್ದದ್ದು. ಮಳೆಗಾಲದಲ್ಲಿ ಇದೇ ಸಸಿ ಹದಿನೈದಕ್ಕೆ ಹೋದರೆ ಹೆಚ್ಚು, ಯಾಕೆಂದರೆ ಆಗ ಯಾರು ಚುಚ್ಚಿದರೂ ಕಡ್ಡಿ ಚಿಗುರುತ್ತದೆ. ಚಳಿಗಾಲದಲ್ಲಿ ಮೂವತ್ತೈದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಕಿತ್ತೂರಿನಲ್ಲಿ ಕ್ರೋಟನ್ ಆಗಲಿ ದಾಸವಾಳವಾಗಲಿ ಯಾರ ಕೈಯಲ್ಲೂ ಬೇರು ಬಿಡುತ್ತಿರಲಿಲ್ಲ. ಸೀತವ್ವನ ಕೈಯಲ್ಲಿ ಬಿಡುತ್ತಿದ್ದವು.

ಸೀತವ್ವನಿಗೆ ಅರವತ್ತಾರು. ಸರಕಾರಿ ನರ್ಸರಿಯಲ್ಲಿ ಇಪ್ಪತ್ತೆರಡು ವರ್ಷ ದಿನಗೂಲಿ ಮಾಡಿ ಕಡ್ಡಿ ಕೊಯ್ಯುವುದನ್ನು ಕಲಿತವಳು. ಕೆಲಸದಿಂದ ತೆಗೆದ ಮೇಲೆ ಮನೆಯ ಹಿತ್ತಲಲ್ಲೇ ಶುರು ಮಾಡಿದಳು. ಗಂಡ ಲಗಮಣ್ಣ ಗೌಂಡಿ, ಗೋಡೆ ಕಟ್ಟುವವ. ಬೆನ್ನು ಹಿಡಿದುಕೊಂಡ ಮೇಲೆ ಕರಣಿ ಗೂಟಕ್ಕೆ ಹಾಕಿದ. ಮಗ ಕಾಂತೇಶ ಮೂರು ಗಾಲಿಯ ಗೂಡ್ಸ್ ಟಂಟಂ ಓಡಿಸುತ್ತಾನೆ. ಬೈಲಹೊಂಗಲ, ಸವದತ್ತಿ ಸಂತೆಗಳಲ್ಲಿ ತಾಯಿಯ ಸಸಿ ಮಾರುತ್ತಾನೆ, ಉಳಿದ ದಿನ ಬಾಡಿಗೆ. ಸೊಸೆ ಪ್ರಣಿತಾ ಮುನವಳ್ಳಿಯ ಹುಡುಗಿ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮೊಮ್ಮಗಳು ರೇಣು ಎರಡನೇ ಇಯತ್ತೆ.

ಬಚ್ಚಲಮನೆಯ ಗೋಡೆಗೆ ಹತ್ತಿ, ಹಿತ್ತಲಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ. ಹದಿನೆಂಟು ವರ್ಷದ ಹಿಂದೆ ಲಗಮಣ್ಣನೇ ಕಟ್ಟಿದ್ದು. ಮೇಲೆ ತಗಡು, ಮೂರೂ ಕಡೆ ಬಿದಿರಿನ ತಟ್ಟಿ. ಕಟ್ಟೆಯ ಮೇಲೆ ಉಸುಕಿನ ಪಾತಿ, ಪಾತಿಯಲ್ಲಿ ಕಡ್ಡಿಗಳ ಸಾಲು. ಚಳಿ ಬಿದ್ದಾಗ ತಾಯಿಗಿಡಗಳ ಕುಂಡಗಳನ್ನೂ ಅದೇ ತಗಡಿನ ಕೆಳಗೆ ಸರಿಸಿ, ಗೋಣಿತಟ್ಟು ಹೊದಿಸುವುದು ಪದ್ಧತಿ. ಕಟ್ಟೆಯ ತುದಿ ಒಂದು ಮೊಳದಷ್ಟು ತಟ್ಟಿಯ ಹೊರಗೆ ಉಳಿದಿತ್ತು. ಮುಂಜಾನೆ ಲಗಮಣ್ಣ ಅಲ್ಲಿ ಕೂತು, ಬೆನ್ನು ಗೋಡೆಗೆ ಕೊಟ್ಟು ಚಹಾ ಕುಡಿಯುತ್ತಿದ್ದ.

"ಸೀತವ್ವನ ಕೈಗುಣ ಭಾರಿ," ಎನ್ನುತ್ತಿದ್ದರು ಊರವರು. ಸೀತವ್ವನಿಗೂ ಅದರಲ್ಲಿ ಅನುಮಾನ ಇರಲಿಲ್ಲ.

ಆ ವರ್ಷ ದಸರೆ ಮುಗಿದ ವಾರ ಪ್ರಣಿತಾ ಬಚ್ಚಲ ಒಲೆಯ ಮುಂದಿನಿಂದ ಎದ್ದು ಬಂದು, ಊದುಗೊಳವೆಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟಳು. ಐದು ಜನರ ನೀರು ಕಾಯಿಸಲು ಬೆಳಿಗ್ಗೆ ಐದಕ್ಕೆ ಎದ್ದು ಹತ್ತಿಕಟ್ಟಿಗೆ, ಕುಳ್ಳು ಒಟ್ಟಿ ಊದುವುದು ಅವಳ ಪಾಲಿನ ಕೆಲಸ. ಮಳೆಗೆ ಹಸಿಯಾದ ಕಟ್ಟಿಗೆ ಹೊಗೆ ಉಗುಳುತ್ತಿತ್ತು. ಎರಡು ತಿಂಗಳಿಂದ ಕೆಮ್ಮು.

"ಇನ್ನ ನನ್ನ ಕಡಿಂದ ಈ ಒಲಿ ಊದೂದು ಆಗೂದಿಲ್ರಿ ಅತ್ತಿ."

ಸೀತವ್ವ ರೊಟ್ಟಿ ಬಡಿಯುತ್ತಿದ್ದಳು. "ನಾ ಮೂವತ್ತ ವರ್ಷ ಊದೇನಿ. ಸತ್ತೇನೇನು?"

"ಸತ್ತಿಲ್ಲ ಖರೆ. ಎರಡೂ ಕಣ್ಣ ಆಪರೇಶನ್ ಆಗ್ಯಾವಲ್ರಿ."

ಲಗಮಣ್ಣ ಒಳಗಿನಿಂದಲೇ ನಕ್ಕ.

"ನೀವು ನಗಬ್ಯಾಡ್ರಿ," ಎಂದಳು ಸೀತವ್ವ. "ನೀರ ಕಾದಿಲ್ಲಂದ್ರ ಮೊದಲ ಒದರಾವ್ರು ನೀವ."

"ಡಾಕ್ಟರ್ ಹೊಗಿ ಬಿಡು ಅಂದಾರ್ರಿ," ಎಂದಳು ಪ್ರಣಿತಾ. "ಗ್ಯಾಸ್ ಗೀಜರಿಗೆ ನಾಕು ಸಾವಿರದ ಎಂಟನೂರು. ನಳದಾವನ ಕೂಲಿ ಬ್ಯಾರೆ. ನಿಮ್ಮನ್ನ ಕೇಳೂದಿಲ್ಲ, ನನ್ನ ಹೊಲಿಗಿ ರೊಕ್ಕ ಐತಿ."

"ರೊಕ್ಕ ಇದ್ದಾಕಿ ನನಗ್ಯಾಕ ಕೇಳ್ತಿ?"

"ಕೇಳವಲ್ಲೆ. ಹೇಳಾಕ ಹತ್ತೇನಿ."

ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು. ಕಾಂತೇಶ ಹಲ್ಲುಜ್ಜುತ್ತಾ ಬಂದವನು ಇಬ್ಬರ ಮುಖ ನೋಡಿ ಹಿತ್ತಲಿಗೇ ತಿರುಗಿದ. ಕೊನೆಗೆ ಸೀತವ್ವ, "ನೀರ ತುಂಬೂ ಹಬ್ಬ ಮುಗೀಲಿ," ಎಂದಳು. "ಹಂಡೇಕ ಸುಣ್ಣ ಹಚ್ಚಿ ಬಳ್ಳಿ ಕಟ್ಟದ ದೀಪಾವಳಿ ಮಾಡಾಕ ನನಗ ಬರೂದಿಲ್ಲ. ಆಮ್ಯಾಲ ಒಡೀರಿ, ಏನರ ಮಾಡ್ರಿ."

ಹಾಗೇ ಆಯಿತು. ಹಬ್ಬದ ಹಿಂದಿನ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಿತ್ತು, ಹಿಂಡಲಕಾಯಿ ಬಳ್ಳಿ ಸುತ್ತಿತು, ಮರುದಿನ ಎಣ್ಣೆ ಹಚ್ಚಿಕೊಂಡು ಎಲ್ಲರೂ ಮಿಂದರು. ಪಾಡ್ಯ ಮುಗಿದ ಮೂರನೇ ದಿನ ಲಗಮಣ್ಣ ಹಾರೆ ಹಿಡಿದು, ತಾನೇ ಕಟ್ಟಿದ ಒಲೆಯನ್ನು ತಾನೇ ಒಡೆದ. ಮಸಿ ಹಿಡಿದ ಮಣ್ಣು ಎಂಟು ಬುಟ್ಟಿ ಬಂತು. ಅದರ ಜಾಗದಲ್ಲಿ ಗೋಡೆಗೆ ಬಿಳಿ ಡಬ್ಬಿ ಕೂತಿತು. ಮೊದಲ ದಿನ ಸೀತವ್ವ ಅದರ ನೀರಿನಲ್ಲಿ ಸ್ನಾನ ಮಾಡಿ ಬಂದು, "ಬಿಸಿ ಐತಿ, ಆದ್ರ ಮೈಗೆ ಹತ್ತೂದಿಲ್ಲ," ಎಂದಳು. ಪ್ರಣಿತಾ ಐದಕ್ಕೆ ಬದಲು ಆರಕ್ಕೆ ಏಳತೊಡಗಿದಳು.

ನವೆಂಬರ್ ನಡುವಿನಲ್ಲಿ ಗುರುನಾಥ ಎಂಬವರು ಮನೆ ಹುಡುಕಿಕೊಂಡು ಬಂದರು. ಹೈವೇ ಬದಿಗೆ ಹೊಸದಾಗಿ ಮದುವೆ ಲಾನ್ ಮಾಡುತ್ತಿದ್ದವರು.

"ಸೀತಕ್ಕ, ಕೆಂಪ ಎಲಿ ಕ್ರೋಟನ್ ನಾಕನೂರು ಬೇಕು. ಫೆಬ್ರುವರಿ ಇಪ್ಪತ್ತಕ್ಕ ಮೊದಲನೇ ಮದವಿ ಐತಿ. ಬೆಳಗಾವ್ಯಾಗ ಐವತ್ತು ಹೇಳ್ಯಾರ."

"ಮೂವತ್ತೈದಕ್ಕ ಕೊಡತೇನಿ."

"ಚಳ್ಯಾಗ ಬೇರ ಬರತಾವೇನು?"

ಸೀತವ್ವ ನಕ್ಕಳು ಅಷ್ಟೇ. ಗುರುನಾಥ ಮೂರು ಸಾವಿರ ಮುಂಗಡ ಕೊಟ್ಟು, "ಪ್ರತಿ ವರ್ಷದ್ದೂ ನಿಮಗ," ಎಂದು ಹೇಳಿ ಹೋದರು. ಅವರು ಗೇಟು ದಾಟುವ ಮೊದಲೇ ಸೀತವ್ವ ಚಾಕು ಮಸೆಯಲು ಕೂತಿದ್ದಳು. ಅಷ್ಟು ದೊಡ್ಡ ಕೆಲಸ ಆ ಹಿತ್ತಲಿಗೆ ಹಿಂದೆಂದೂ ಬಂದಿರಲಿಲ್ಲ.

ಎರಡೇ ದಿನದಲ್ಲಿ ಐನೂರು ಕಡ್ಡಿ ಪಾತಿಗೆ ಹಚ್ಚಿದಳು. ಗೇಣುದ್ದದ ಕಡ್ಡಿ, ಚಿಗುರೊಡೆಯುವ ಕಣ್ಣಿನ ಕೆಳಗೆ ಓರೆಯಾಗಿ ಕೊಯ್ತ, ಮೇಲಿನ ಎರಡೆಲೆ ಬಿಟ್ಟು ಉಳಿದದ್ದು ಸವರಿ, ತುದಿಗೆ ಬೂದಿ ಸೋಕಿಸಿ ಉಸುಕಿಗೆ. ಎಂದಿನ ಲೆಕ್ಕ ಇಪ್ಪತ್ತೈದು ದಿನ. ಇಪ್ಪತ್ತಾರನೆಯ ದಿನ ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಬೇರು ಬಂದ ಕಡ್ಡಿ ತಿರುಗಿ ಎಳೆಯುತ್ತದೆ. ಇದು ಎಣ್ಣೆ ಹಚ್ಚಿದಂತೆ ಜಾರಿ ಮೇಲೆ ಬಂತು. ತುದಿ ಕಪ್ಪಾಗಿ ಕೊಳೆತಿತ್ತು. ಇನ್ನೊಂದು ಎಳೆದಳು, ಮತ್ತೊಂದು. ಐದನೇ ಸಾಲಿಗೆ ಬರುವಷ್ಟರಲ್ಲಿ ಎಲೆಗಳು ಕೈ ತಾಗಿದರೇ ಉದುರುತ್ತಿದ್ದವು.

ಪ್ರಣಿತಾ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದಳು.

"ಖರೆ ಹೇಳು," ಎಂದಳು ಸೀತವ್ವ. "ಈ ಪಾತಿ ನೀ ಮುಟ್ಟಿಯೇನು?"

"ನೀರ ಹಾಕೇನಿ. ನೀವು ಬೈಲಹೊಂಗಲಕ್ಕ ಹೋಗಿದ್ರಲ್ಲ, ಅವತ್ತ. ಉಸುಕ ಒಣಗಿತ್ತು."

"ಅವತ್ತ ನೀ ಹೊರಗಿದ್ದಿಯೇನು?"

ಪ್ರಣಿತಾ ಕೈಯಲ್ಲಿದ್ದ ರೇಣುವಿನ ಲಂಗವನ್ನು ಬುಟ್ಟಿಗೆ ಹಾಕಿದಳು. ಮುಟ್ಟಾಗಿದ್ದೆಯಾ ಎಂದು ಆ ಮನೆಯಲ್ಲಿ ಯಾರೂ ಅವಳನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ.

"ಇದ್ದೆ."

"ಆತಲ್ಲ. ಐನೂರ ಕಡ್ಡಿ ಹೋದ್ವು."

"ನೀರ ಹಾಕಿದ್ದಕ್ಕ ಹೋದ್ವೇನ್ರಿ?"

"ನೀರಿಗಲ್ಲ. ನಿನಗ ತಿಳೀತೈತಿ ಯಾತಕ್ಕಂತ."

ಮುನವಳ್ಳಿಯಲ್ಲಿ ಪ್ರಣಿತಾಳ ಅಪ್ಪ ಬುದ್ಧವಂದನೆ ಮಾಡುವವನು. ಮೈಲಿಗೆ ಎಂಬ ಮಾತನ್ನು ಮನೆಯಿಂದ ಹೊರಗೆ ಹಾಕಿ ಇಪ್ಪತ್ತು ವರ್ಷವಾಗಿತ್ತು. ಅವಳ ದನಿ ಏರಲಿಲ್ಲ.

"ಮುಟ್ಟಬ್ಯಾಡ ಅನ್ನೂ ಮಾತ ಕೇಳಿ ಕೇಳಿ ನಮ್ಮ ಮುತ್ಯಾ ಸತ್ತ, ನಿಮ್ಮ ಮುತ್ಯಾನೂ ಸತ್ತ. ಈಗ ಅದ ಮಾತ ನಮ್ಮ ಮನ್ಯಾಗ, ನೀವು, ನನಗ ಹೇಳ್ತೀರೇನ್ರಿ?"

ಸೀತವ್ವನ ಮುಖ ಕೆಂಪಾಯಿತು. ಸರಕಾರಿ ನರ್ಸರಿಯಲ್ಲಿ ಅವಳ ನೀರಿನ ಲೋಟ ಬೇರೆ ಇರುತ್ತಿತ್ತು, ಗೋಡೆಯ ಮೊಳೆಗೆ ತೂಗುಹಾಕಿದ್ದು. ಆ ಮಾತನ್ನು ಅವಳೇ ಸೊಸೆಗೆ ಹೇಳಿದ್ದಳು. ಆದರೂ ಸೋತು ಸುಮ್ಮನಾಗಲಿಲ್ಲ. ಸಂಜೆಯೊಳಗೆ ಬಿದಿರು ತಟ್ಟಿಯ ಬಾಗಿಲಿಗೆ ಬೀಗ ಬಿತ್ತು. ಇನ್ನು ನಾನೊಬ್ಬಳೇ ಮುಟ್ಟುತ್ತೇನೆ ಎಂದು ಸಾರಿ, ಮರುದಿನ ನಾನೂರೈವತ್ತು ಕಡ್ಡಿ ಹೊಸದಾಗಿ ಹಚ್ಚಿದಳು.

ಊಟದಲ್ಲಿ ಮಾತು ನಿಂತಿತು. ಪ್ರಣಿತಾ ರೊಟ್ಟಿ ಮಾಡಿ ಬುಟ್ಟಿಗೆ ಹಾಕುವಳು, ಪಲ್ಯ ಮಾಡಿ ಮುಚ್ಚಿಡುವಳು, ಯಾರಿಗೂ ಬಡಿಸುತ್ತಿರಲಿಲ್ಲ. ದಿನಾ ಹೆಸರುಕಾಳು, ದಿನಾ ಶೇಂಗಾ ಚಟ್ನಿ. ನಾಲ್ಕನೆಯ ದಿನ ಲಗಮಣ್ಣ ತಟ್ಟೆ ನೋಡಿ, "ಎಣಗಾಯಿ ಮರತ ಹೋಗೇತೇನ ಈ ಮನ್ಯಾಗ?" ಎಂದ.

"ಅವ್ವಾ, ಗಿಡಕ್ಕ ಏನ ಗೊತ್ತಾಗತೈತಿ, ಯಾರ ಹೊರಗದಾರ, ಯಾರ ಒಳಗದಾರ?" ಎಂದ ಕಾಂತೇಶ.

"ಗಿಡದ್ದ ನಿನಗೇನ ಗೊತ್ತೈತಿ? ಮಾರೂದಷ್ಟ ಗೊತ್ತು."

"ಹಂಗಾರ ಸಂತ್ಯಾಗ ಕೊಳ್ಳಾಕಿ ಹೊರಗಿದ್ರ? ಕೇಳಿ ಕೊಡ್ಲೇನು?"

"ನಾಲಿಗಿ ಬೆಳಸಬ್ಯಾಡ ಕಾಂತ್ಯಾ. ಉಣ್ಣು."

ಪ್ರಣಿತಾ ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಗಂಡ ತನ್ನ ಪರವಾಗಿ ಆಡಿದ್ದು ಆ ಒಂದು ಮಾತು. ಮರುದಿನ ಅವನು ರಾಮದುರ್ಗಕ್ಕೆ ಬಾಡಿಗೆ ಹೋದ.

ಡಿಸೆಂಬರ್ ಕೊನೆಯ ವಾರ ಚಳಿ ಬಿಗಿಯಿತು. ಮುಂಜಾನೆ ತಗಡಿನಿಂದ ಇಬ್ಬನಿ ಹನಿಯುತ್ತಿತ್ತು. ಲಗಮಣ್ಣ ಮುಂಬಾಗಿಲ ಬಿಸಿಲಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದ. ಪ್ರಣಿತಾ ಚಹಾ ಹಿಡಿದು ಹಿತ್ತಲಿಗೆ ಹೋಗಿ, ಅಲ್ಲಿ ಕಾಣದೆ ತಿರುಗಿ ಬಂದಳು.

"ಇಲ್ಲಿದೀರೇನ್ರಿ ಮಾವಾರ? ಕಟ್ಟಿ ಕಡೆ ಹುಡುಕಿ ಬಂದೆ."

"ಅಲ್ಲಿ ಕುಂಡ್ರೂದ ಬಿಟ್ಟ ತಿಂಗಳ ಮ್ಯಾಲಾತವಾ. ಒಲಿ ಒಡದಾಗಿಂದ ಆ ಗ್ವಾಡಿ ಬರಫ ಆಗೇತಿ. ಮೊದಲ ಕುಂತ್ರ ಬೆನ್ನಿಗೆ ಕಾವ ಹತ್ತತಿತ್ತು, ಔಷಧ ಹಚ್ಚಿದಂಗ."

ಪ್ರಣಿತಾ ಲೋಟ ಅವನ ಕೈಗೆ ಕೊಟ್ಟು, ಹಿತ್ತಲಿಗೆ ವಾಪಸ್ ಹೋಗಿ, ತಟ್ಟಿಯ ಹೊರಗೆ ಉಳಿದ ಕಟ್ಟೆಯ ತುದಿಯ ಮೇಲೆ ಅಂಗೈ ಇಟ್ಟಳು. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಹೋದ ಚಳಿಗಾಲ ರೇಣುವಿನ ಶಾಲೆಯ ಸಾಕ್ಸ್ ಇಲ್ಲೇ ಒಣಗಿಸುತ್ತಿದ್ದಳು, ಒಂದು ತಾಸಿನಲ್ಲಿ ಒಣಗುತ್ತಿದ್ದವು. ಬಿಸಿಲು ಬೀಳದ ಜಾಗ ಅದು. ಆಗ ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಇಷ್ಟು ತಿಳಿದ ಮೇಲೆ ಉಳಿದದ್ದು ತಾನೇ ತಿಳಿಯಿತು. ಗೋಡೆಯ ಆಚೆ ಒಲೆ, ಈಚೆ ಉಸುಕು. ಮೇಲೆ ಎಷ್ಟೇ ಚಳಿ ಇರಲಿ, ಕಡ್ಡಿಯ ಬುಡ ಬೆಚ್ಚಗಿರುತ್ತಿತ್ತು.

ಈಗಲೇ ಹೋಗಿ ಹೇಳಿದರೆ ತನ್ನ ಮೇಲಿನ ಮಾತು ಬಿದ್ದುಹೋಗುತ್ತದೆ. ಅದರ ಹಿಂದೆಯೇ ಮಾವ ಕರಣಿ ತೆಗೆಯುತ್ತಾನೆ, ಸಂಜೆಯೊಳಗೆ ಒಲೆ ನಿಲ್ಲುತ್ತದೆ, ಮರುದಿನ ಬೆಳಿಗ್ಗೆ ಐದಕ್ಕೆ ಊದುಗೊಳವೆ ತನ್ನ ಕೈಗೆ. ಕೆಮ್ಮು ಈಗಷ್ಟೇ ಕಡಿಮೆಯಾಗಿತ್ತು. ಪ್ರಣಿತಾ ಒಳಗೆ ಬಂದು ಯಂತ್ರಕ್ಕೆ ದಾರ ಪೋಣಿಸಿದಳು. ಹೇಳಲಿಲ್ಲ. ಬೀಗದ ಒಳಗೆ ಅತ್ತೆ ಒಬ್ಬಳೇ ಬಾಗಿ ನೀರು ಚಿಮುಕಿಸುವುದು ತಟ್ಟಿಯ ಸಂದಿಯಿಂದ ಕಾಣುತ್ತಿತ್ತು. ನೋಡಿಯೂ ಹೇಳಲಿಲ್ಲ. ಹೀಗೆ ಹನ್ನೊಂದು ದಿನ.

ಜನವರಿಯ ಮೊದಲ ವಾರ ಸೀತವ್ವ ಬೀಗ ತೆಗೆದು, ಒಂದು ಕಡ್ಡಿ ಎಳೆದಳು. ಹತ್ತು ಎಳೆದಳು. ಒಂದಕ್ಕೂ ಬೇರಿಲ್ಲ. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೈಯಲಿಲ್ಲ. ಈ ಸಲ ಅವಳೊಬ್ಬಳೇ ಮುಟ್ಟಿದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ, "ನನ್ನ ಕೈ ಹೋತು," ಎಂದಳು.

"ಎಲ್ಲಿಗೆ ಹೋತು? ಇಲ್ಲೇ ಐತಲ್ಲ," ಎಂದ ಲಗಮಣ್ಣ.

ಆ ಹೊತ್ತಿನಿಂದ ಸೀತವ್ವ ಗಿಡ ಮುಟ್ಟುವುದನ್ನೇ ಬಿಟ್ಟಳು. ತುಳಸಿಗೆ ನೀರು ಹಾಕಲು ರೇಣುವನ್ನು ಕಳಿಸಿದಳು. ತಾಯಿಗಿಡಗಳಿಗೆ ಗೋಣಿತಟ್ಟು ಹೊದಿಸಲಿಲ್ಲ. ಎರಡು ದಿನದಲ್ಲಿ ಅವು ಎಲೆ ಉದುರಿಸತೊಡಗಿದವು. ಕಟ್ಟೆಯ ಮುಂದೆ ಹೋಗುವಾಗ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಮೂರನೆಯ ದಿನ ಮುಂಜಾನೆ ಇಳಕಲ್ ಸೀರೆ ಉಟ್ಟು, ಮುಂಗಡದ ಮೂರು ಸಾವಿರವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕಾಂತೇಶ ಟಂಟಂ ಒರೆಸುತ್ತಿದ್ದ.

"ಲಾನ್ ಕಡೆ ಬಿಡು ನನ್ನ. ರೊಕ್ಕ ಕೊಟ್ಟ ಬರತೇನಿ."

"ಇನ್ನ ಟೈಮ್ ಐತಲ್ಲ ಅವ್ವಾ."

"ಟೈಮ್ ಇದ್ರೇನು? ಕೈಯಾಗ ಏನೂ ಉಳದಿಲ್ಲ. ಮಂದಿ ಬಂದ ಕೇಳೂಕಿಂತ ಮೊದಲ ನಾನ ಹೇಳತೇನಿ."

ಒಳಗೆ ಹೊಲಿಗೆ ಯಂತ್ರ ನಿಂತಿತು. ಪ್ರಣಿತಾ ಬಾಗಿಲಿಗೆ ಬಂದಳು. "ಅತ್ತೀ, ನಿಂದರ್ರಿ."

ಇಪ್ಪತ್ತು ದಿನಕ್ಕೆ ಮೇಲಾಗಿತ್ತು ಅವಳು ಹಾಗೆ ಕರೆದು.

"ನಿಮ್ಮ ಕೈ ಎಲ್ಲೂ ಹೋಗಿಲ್ಲ. ಗ್ವಾಡಿ ತಣ್ಣಗಾಗೇತಿ."

"ಯಾ ಗ್ವಾಡಿ?"

"ಬಚ್ಚಲದ್ದು. ಒಲಿ ಇದ್ದಾಗ ದಿನಾ ಆ ಗ್ವಾಡಿ ಕಾಯತಿತ್ತು, ಅದರಿಂದ ಕಟ್ಟಿ ಕಾಯತಿತ್ತು. ಉಸುಕ ಬೆಚ್ಚಗ ಇರತಿತ್ತು, ಬೇರ ಬರತಿದ್ವು. ನನ್ನ ಮುಟ್ಟಿಗೆ ಸತ್ತಿದ್ದೂ ಅಲ್ಲ, ನಿಮ್ಮ ಕೈಗುಣಕ್ಕ ಬದಕಿದ್ದೂ ಅಲ್ಲ."

ಸೀತವ್ವ ಇಳಕಲ್ ಸೀರೆಯಲ್ಲೇ ಹಿತ್ತಲಿಗೆ ಹೋದಳು. ಸೆರಗಿನಿಂದ ಕೈ ತೆಗೆದು ಉಸುಕಿನೊಳಗೆ ಇಟ್ಟಳು, ಆಮೇಲೆ ಗೋಡೆಯ ಮೇಲೆ. ಅಷ್ಟಕ್ಕೇ ಒಪ್ಪಲಿಲ್ಲ. ಪಕ್ಕದ ದುಂಡಪ್ಪನ ಮನೆಯಲ್ಲಿ ಇನ್ನೂ ಹಂಡೆಯ ಒಲೆ ಇತ್ತು. ಎಮ್ಮೆ ಕಟ್ಟುವ ಜಾಗ ದಾಟಿ, ಅವರ ಬಚ್ಚಲ ಗೋಡೆಯ ಹೊರಮೈಗೆ ಎರಡೂ ಅಂಗೈ ಒತ್ತಿ ನಿಂತಳು.

"ಏನ ಸೀತವ್ವಾ, ನಮ್ಮ ಗ್ವಾಡಿ ಬೀಳ್ತೈತೇನು?" ಎಂದ ದುಂಡಪ್ಪ.

"ನಿಮ್ಮದಲ್ಲ. ನಮ್ಮದು ಬಿದ್ದೈತಿ," ಎಂದು ಬಂದಳು.

ಬಂದವಳು ಪಡಸಾಲೆಯಲ್ಲಿ ಕೂತಳು. "ಹಂಗಾರ ಹದಿನೆಂಟ ವರ್ಷ ಮಂದಿ ಕೈಗುಣ ಕೈಗುಣ ಅಂದಿದ್ದು ಗ್ವಾಡಿಗೆ?"

"ಗ್ವಾಡಿ ಕಟ್ಟಿದಾವ ಯಾರಂತ ಯಾರೂ ಕೇಳವಲ್ರು," ಎಂದ ಲಗಮಣ್ಣ.

"ನೀವು ಸುಮ್ಮ ಕುಂಡ್ರಿ." ಸೊಸೆಯ ಕಡೆ ತಿರುಗಿದಳು. "ನಿನಗ ಯಾವಾಗ ತಿಳೀತು?"

"ಎರಡ ವಾರ ಆಗಾಕ ಬಂತು."

"ಎರಡ ವಾರ!" ಕಾಂತೇಶ ಒರೆಸುವ ಬಟ್ಟೆ ಬಿಸಾಡಿದ. "ಹೇಳಾಕ ಏನ ಧಾಡಿ ಆಗಿತ್ತ ನಿನಗ? ಆ ಕಡ್ಡಿ ಸಾಯೂದ ನೋಡ್ಕೋತ ಕುಂತಿದ್ದಿಯಲ್ಲ!"

"ಹೇಳಿದ್ರ ನೀವೇನ ಅಂತಿದ್ರಿ?"

"ಒಲಿ ಮತ್ತ ಹಾಕೂನು ಅಂತಿದ್ದೆ."

"ಊದಾವ್ರು ಯಾರು?"

ಕಾಂತೇಶ ಅಪ್ಪನ ಕಡೆ ನೋಡಿದ. ಲಗಮಣ್ಣ ತನ್ನ ಕಾಲ ಹೆಬ್ಬೆರಳು ನೋಡಿದ. ದುಂಡಪ್ಪನ ಎಮ್ಮೆ ಒಂದು ಸಲ ಒದರಿತು.

"ನಾ ಊದೂದ ಬಿಟ್ಟ ಎಷ್ಟ ವರ್ಷ ಆತು?" ಎಂದಳು ಸೀತವ್ವ.

"ಒಂಬತ್ತು. ನಾ ಬಂದ ಮರುದಿನದಿಂದ."

ಸೀತವ್ವ ಸೆರಗಿನ ಗಂಟು ಬಿಚ್ಚಿ, ನೋಟುಗಳನ್ನು ಮಡಿಕೆ ಸರಿಮಾಡಿದಳು. "ಅಂದ್ರ ಆ ಒಂಬತ್ತ ವರ್ಷದ ಬೇರು ಎಲ್ಲಾ ನೀ ಊದಿ ಬರಿಸಿದ್ದು." ಅಷ್ಟು ಹೇಳಿ ಎದ್ದು, ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟು ಬಂದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಪ್ರಣಿತಾ ಅದಕ್ಕಾಗಿ ಕಾಯಲೂ ಇಲ್ಲ.

"ಒಲಿ ಬ್ಯಾಡ," ಎಂದಳು ಸೀತವ್ವ. "ಹಸಿ ಸಗಣಿ ಹಾಕಿದ್ರ ಸಸಿ ಸುಡತೈತಿ, ಅದಕ್ಕ ನಾವು ವರ್ಷ ಕೊಳಸಿದ್ದ ಹಾಕ್ತೇವಿ. ಸುಡತೈತಿ ಅಂದ್ರ ಒಳಗ ಕಾವ ಐತಿ ಅಂದಂಗ. ಆ ಕಾವ ಕೆಳಗ ಇಡೂನು. ಕಾಂತ್ಯಾ, ಸಲಕಿ ತಗೊ."

ತಗಡಿನ ಕೆಳಗೆ, ಕಟ್ಟೆಯ ಮುಂದಿನ ನೆಲದಲ್ಲಿ ಮೊಣಕಾಲು ಆಳದ ತೆಗ್ಗು ತೆಗೆದರು. ದುಂಡಪ್ಪನ ಮನೆಯಿಂದ ಹಸಿ ಸಗಣಿ ಇಪ್ಪತ್ತು ಬುಟ್ಟಿ, ಜೊತೆಗೆ ನೀರು ಚಿಮುಕಿಸಿದ ಶೇಂಗಾ ಹೊಟ್ಟು, ಪದರ ಪದರ ತುಳಿದು ತುಂಬಿದರು. ಮೇಲೆ ಗೇಣು ಉಸುಕು. ಅಡುಗೆಮನೆಯ ಕಿಟಕಿ ಅದೇ ಕಡೆಗೆ. ರೇಣು ಮೂಗು ಹಿಡಿದು, "ಆಯಿ, ರೊಟ್ಟಿಗೂ ಎಮ್ಮಿ ವಾಸನಿ ಬರಾಕ ಹತ್ತೇತಿ," ಎಂದಳು.

"ಎಮ್ಮಿ ಹಾಲ ಕುಡಿಯೂಮುಂದ ಬರೂದಿಲ್ಲೇನ ವಾಸನಿ?" ಎಂದಳು ಸೀತವ್ವ.

ಮೂರನೆಯ ದಿನ ಉಸುಕಿನಿಂದ ಹಬೆ ಎದ್ದಿತು. ಸೀತವ್ವ ಮೊಣಕೈ ಊರಿ ನೋಡಿ, "ಇನ್ನ ಬ್ಯಾಡ, ಸುಡತೈತಿ," ಎಂದಳು. ದಿನ ಹೋಗುತ್ತಿವೆ ಎಂದು ಕಾಂತೇಶನಿಗೆ ಅವಸರ. ಅವಳಿಲ್ಲದ ಹೊತ್ತು ನೋಡಿ ಒಂದು ಮೂಲೆಯಲ್ಲಿ ಅರವತ್ತು ಕಡ್ಡಿ ಚುಚ್ಚಿದ. ಮರುದಿನ ಅವು ಬೇಯಿಸಿದ ಸೊಪ್ಪಿನಂತೆ ಬಾಗಿದ್ದವು. "ಒಗ್ಗರಣಿ ಹಾಕ್ಲೇನು?" ಎಂದಳು ಪ್ರಣಿತಾ. ಅವತ್ತು ಆ ಮನೆಯಲ್ಲಿ ಎಣಗಾಯಿ ಆಯಿತು.

ಎಂಟನೆಯ ದಿನ ಸೀತವ್ವ ಮತ್ತೆ ಮೊಣಕೈ ಊರಿದಳು. ಮಗುವಿನ ಹಣೆಗೆ ತುಸು ಜ್ವರ ಬಂದಾಗ ಇರುವಷ್ಟು ಕಾವು. "ಈಗ ಹಚ್ಚೂನು." ಸಂಕ್ರಮಣದ ಮುಂಜಾನೆ ಅದು. ಎಲೆ ಉದುರಿಸಿಕೊಂಡ ತಾಯಿಗಿಡಗಳಲ್ಲಿ ಕೊಯ್ಯಲು ಸಿಕ್ಕಿದ್ದು ಬರೀ ಮುನ್ನೂರ ಇಪ್ಪತ್ತು ಕಡ್ಡಿ. ಒಬ್ಬಳೇ ಕೊಯ್ದು ಹಚ್ಚುವಷ್ಟರಲ್ಲಿ ಕಡ್ಡಿ ಬಾಡುತ್ತವೆ. ಪ್ರಣಿತಾ ಬಿದಿರು ತಟ್ಟಿಯ ಹೊರಗೆ ಬಂದು ನಿಂತಳು.

"ಅತ್ತಿ, ನಾ ಇವತ್ತ ಹೊರಗದೇನಿ." ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

ಲಗಮಣ್ಣ ಕೆಮ್ಮಿದ. ಸೀತವ್ವ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಡ್ಡಿ ಮುಗಿಸಿದಳು, ಇನ್ನೊಂದು ತೆಗೆದುಕೊಂಡಳು, ಅದನ್ನೂ ಮುಗಿಸಿದಳು. ಆಮೇಲೆ ಎರಡನೆಯ ಚಾಕುವನ್ನು ಹಿಡಿಕೆ ಮುಂದಾಗಿ ಸೊಸೆಯ ಕಡೆ ಚಾಚಿದಳು.

"ಕೈ ತೊಳಕೊಂಡ ಬಾ. ಎಣ್ಣಿ ಜಿಡ್ಡ ಹತ್ತಿದ್ರ ಕೊಳೀತಾವ. ಓರೆ ಕೊಯ್ಯಿ, ಜಜ್ಜಬ್ಯಾಡ."

ಆ ದಿನ ಪ್ರಣಿತಾ ಹಚ್ಚಿದ್ದು ಒಂದು ಸಾಲು, ನಲವತ್ತು ಕಡ್ಡಿ. ಮೊದಲಿನ ಹತ್ತನ್ನು ಸೀತವ್ವ ಕಿತ್ತು ತೋರಿಸಿ, ಬುಡ ಜಜ್ಜಿದೆ ಎಂದು ಬೈದು, ಮತ್ತೆ ಕೊಯ್ಯಿಸಿದಳು. ಸಾಲಿನ ತುದಿಗೆ ಒಂದು ಹಂಚಿನ ಚೂರು ನೆಟ್ಟಳು, ಗುರುತಿಗೆ. ಪ್ರಣಿತಾ ಅದನ್ನು ನೋಡಿದಳು.

ಸಗಣಿಯ ಕಾವು ಒಲೆಯಷ್ಟು ದಿನ ನಿಲ್ಲಲಿಲ್ಲ. ಮೂರು ವಾರಕ್ಕೆ ಇಳಿಯಿತು. ಸುತ್ತಲೂ ಸಣ್ಣ ಕಾಲುವೆ ತೋಡಿ ಮತ್ತೆ ಹಸಿ ಸಗಣಿ ಒತ್ತಬೇಕಾಯಿತು. ಫೆಬ್ರುವರಿ ಹದಿನೆಂಟಕ್ಕೆ ಎಣಿಸಿದಾಗ ಬೇರು ಬಂದದ್ದು ಇನ್ನೂರ ಮೂವತ್ತಾರು. ಲಾನಿನಲ್ಲಿ ಇಡುವ ಹಾಗೆ ಎಲೆ ಬಿಟ್ಟದ್ದು ಇನ್ನೂರ ಹತ್ತು. ಕಾಂತೇಶ ಅಷ್ಟನ್ನೇ ಟಂಟಂನಲ್ಲಿ ಹಾಕಿಕೊಂಡು ಹೋದ. ಸೀತವ್ವನೂ ಜೊತೆಗೆ ಹೋಗಿ, ಉಳಿದದ್ದು ಆಗಲಿಲ್ಲ ಎಂದು ತಾನೇ ಹೇಳಿದಳು.

"ಮೊದಲ ಹೇಳಬೇಕಿತ್ತಲ್ಲ ಸೀತಕ್ಕ," ಎಂದರು ಗುರುನಾಥ. ಬೈಯಲಿಲ್ಲ. ತಂದದ್ದಕ್ಕೆ ಮೂವತ್ತೈದರ ಹಾಗೆ, ಮುಂಗಡ ಕಳೆದು ಕೊಟ್ಟರು. ಉಳಿದ ನೂರ ತೊಂಬತ್ತನ್ನು ಬೆಳಗಾವಿಯಿಂದ ಐವತ್ತರ ದರದಲ್ಲಿ ತರಿಸಿಕೊಂಡರು. ಮುಂದಿನ ವರ್ಷದಿಂದ ಎಲ್ಲವನ್ನೂ ಅಲ್ಲಿಂದಲೇ ತರಿಸುವುದಾಗಿ ಹೇಳಿದರು.

ಆ ದೊಡ್ಡ ಕೆಲಸ ಹಾಗೆ ಹೋಯಿತು. ಹೇಗೆ ಬೇರು ಬಂತು ಎಂದು ಕೇಳಿದವರಿಗೆಲ್ಲ ಸೀತವ್ವ ಉಸುಕು ಸರಿಸಿ ಸಗಣಿ ತೋರಿಸಿದ್ದರಿಂದ ಕೈಗುಣದ ಹೆಸರೂ ಹೋಯಿತು. ಮಾರ್ಚಿಗೆ ದುಂಡಪ್ಪನ ಹಿತ್ತಲಲ್ಲೂ ಒಂದು ತೆಗ್ಗು ಬಿತ್ತು. ಬರುವ ಚಳಿಗಾಲಕ್ಕೆ ಸಸಿಯ ದರ ಮೂವತ್ತೈದು ಇರುವುದಿಲ್ಲ.

ಪ್ರಣಿತಾಳ ಸಾಲಿನ ನಲವತ್ತರಲ್ಲಿ ಮೂವತ್ತೊಂದು ಬೇರು ಬಿಟ್ಟಿದ್ದವು. ಸೀತವ್ವ ಎರಡು ಸಲ ಎಣಿಸಿದಳು. ಈಗ ತಿಂಗಳ ಮೂವತ್ತೂ ದಿನ ಇಬ್ಬರೂ ಕೂತು ಕಡ್ಡಿ ಕೊಯ್ಯುತ್ತಾರೆ.